ಲಿಫ್ಟಿನ ಬಾಗಿಲಲ್ಲಿ ನನ್ನ ಕನ್ನಡ

ನಮ್ಮ ಬಿಲ್ಡಿಂಗಿನಲ್ಲಿ ಮೊಟ್ಟಮೊದಲ ಬಾರಿಗೆ ಕನ್ನಡದ ಬೋರ್ಡ್ ಬಂದಿದೆ. ಮುಂಬಯಿಯಲ್ಲಿ, ಅದೂ ಭಾಂಡುಪ್‌ನಲ್ಲಿ ಹಳೇ ಕಾರ್ಖಾನೆ ಕೆಡವಿ ಕಟ್ಟಿದ ಇಪ್ಪತ್ತೆರಡು ಮಹಡಿಯ ಟವರಿನ ಲಾಬಿಯಲ್ಲಿ, ಲಿಫ್ಟಿನ ಪಕ್ಕದಲ್ಲೇ. ಬರೆದವಳು ನಾನು.

ಚಪ್ಪಾಳೆ ತಟ್ಟುವ ಮೊದಲು ಬೋರ್ಡಿನಲ್ಲಿ ಏನಿದೆ ಅಂತ ಓದಿ. ‘ಗೃಹ ಸಹಾಯಕರು, ಚಾಲಕರು ಹಾಗೂ ಡೆಲಿವರಿ ಸಿಬ್ಬಂದಿ ದಯವಿಟ್ಟು ಹಿಂಬದಿಯ ಲಿಫ್ಟನ್ನು ಮಾತ್ರ ಬಳಸಬೇಕಾಗಿ ವಿನಂತಿ.’

ಓದಿದಿರಾ? ಈಗ ತಟ್ಟುವುದಿದ್ದರೆ ತಟ್ಟಿ.

ಆದದ್ದು ಇಷ್ಟು. ಒಂದು ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ನನ್ನನ್ನು ಆಫೀಸಿಗೆ ಕರೆಸಿದರು. ಚಹಾ ಕೊಟ್ಟರು. (ಸೊಸೈಟಿ ಆಫೀಸಿನಲ್ಲಿ ನನಗೆ ಚಹಾ ಸಿಕ್ಕಿದ್ದು ಅದೇ ಮೊದಲು. ಅಲ್ಲಿಯೇ ಅನುಮಾನ ಬರಬೇಕಿತ್ತು.) “ಬೇಟಾ, ತುಮ್ ಕನ್ನಡಾ ಪೇಪರ್ ಮೇ ಲಿಖತೀ ಹೋ ನಾ?” ಅಂದರು. ಹೌದು ಅಂದೆ, ಸ್ವಲ್ಪ ಬೀಗುತ್ತಲೇ. ಇಪ್ಪತ್ತೇಳರ ವಯಸ್ಸಿನ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ ಕನ್ನಡದಲ್ಲಿ ಅಂಕಣ ಬರೆಯುತ್ತಾಳೆ ಅನ್ನುವುದು ನನ್ನ ಬಳಗದಲ್ಲಿ ದೊಡ್ಡ ಸುದ್ದಿ. ನನ್ನ ಓರಗೆಯ ಕಸಿನ್‌ಗಳು ‘ಊಟ ಆಯ್ತಾ’ ಅನ್ನುವುದನ್ನೇ ಹಿಂದಿಯಲ್ಲಿ ಮುಗಿಸುತ್ತಾರೆ. ನನಗೆ ಅಕ್ಷರ ಕಲಿಸಿದ್ದು ಅಪ್ಪ. ಹೋಟೆಲಿನ ಗಲ್ಲಾದಲ್ಲಿ ಕೂತು ಹಳೇ ಬಿಲ್ಲಿನ ಹಿಂಬದಿಯಲ್ಲಿ ಕಾಗುಣಿತ ಬರೆಸಿದವರು.

ಸೆಕ್ರೆಟರಿಯ ಸಮಸ್ಯೆ ಏನೆಂದರೆ, ಲಿಫ್ಟಿನ ರೂಲ್ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇದೆ, ಆದರೆ ಮನೆಕೆಲಸದ ಹೆಂಗಸರು ಮಾತ್ರ ಮುಂದಿನ ಲಿಫ್ಟಿಗೇ ನುಗ್ಗುತ್ತಾರೆ. ಕೇಳಿದರೆ ಓದಲು ಬರುವುದಿಲ್ಲ ಅನ್ನುತ್ತಾರೆ. ಹೆಚ್ಚಿನವರು ಹಿಂದಿನ ಗುಡ್ಡದ ಗುಡಿಸಲು ವಸ್ತಿಯವರು, ವಿಜಯಪುರದ ಕಡೆಯ ಕನ್ನಡದವರು. “ತೋ ತುಮ್ಹಾರೀ ಭಾಷಾ ಮೇ ಲಿಖ್ ದೋ. ಫಿರ್ ಬಹಾನಾ ಖತಂ.” ನಿಮ್ಮ ಭಾಷೆಯಲ್ಲೇ ಬರೆದುಬಿಟ್ಟರೆ ಅವರ ನೆಪ ಮುಗಿಯಿತು ಅಂತ.

ನನ್ನ ಕಿವಿಗೆ ಬಿದ್ದದ್ದು ‘ತುಮ್ಹಾರೀ ಭಾಷಾ’ ಎಂಬುದಷ್ಟೇ. ಉಳಿದದ್ದು ಬೀಳಲೇ ಇಲ್ಲ. ಆ ರೂಲಿನ ಬೋರ್ಡನ್ನು ದಿನಕ್ಕೆರಡು ಸಲ ನೋಡುತ್ತಿದ್ದೆ, ಓದಿರಲಿಲ್ಲ. ನನಗೆ ಸಂಬಂಧಪಟ್ಟಿದ್ದಲ್ಲವಲ್ಲ. ಅನುವಾದ ತಾನೇ, ರೂಲ್ ನನ್ನದಲ್ಲವಲ್ಲ ಎಂದುಕೊಂಡು ಒಪ್ಪಿಕೊಂಡೆ.

ಆ ಎರಡು ಸಾಲಿಗೆ ಪೂರ್ತಿ ಮಧ್ಯಾಹ್ನ ಕೂತೆ. ಮೊದಲು ‘ಮನೆಕೆಲಸದವರು’ ಅಂತ ಬರೆದೆ. ಛೆ, ಗೌರವ ಸಾಲದು ಅನ್ನಿಸಿತು. ಹೊಡೆದುಹಾಕಿ ‘ಗೃಹ ಸಹಾಯಕರು’ ಮಾಡಿದೆ. ಕೊನೆಗೊಂದು ‘ವಿನಂತಿ’ ಸೇರಿಸಿದೆ. ಜನರನ್ನು ಹಿಂಬಾಗಿಲಿಗೆ ಕಳಿಸುವಾಗಲೂ ನನ್ನ ಭಾಷೆ ಮರ್ಯಾದೆ ಬಿಡಬಾರದಲ್ಲ. ದಪ್ಪ ನಿಬ್ಬಿನ ಪೆನ್ನು ತಂದು, ದುಂಡಗಿನ ಅಕ್ಷರದಲ್ಲಿ, ಒತ್ತಕ್ಷರ ಎಲ್ಲೂ ಕುಂಟದ ಹಾಗೆ ಬರೆದುಕೊಟ್ಟೆ. ಬೋರ್ಡಿನ ಪಕ್ಕ ನಿಂತು ಸೆಲ್ಫಿ ತೆಗೆದು ಸ್ಟೇಟಸ್ ಹಾಕಿದೆ. ಸಯನ್‌ನ ದೊಡ್ಡಮ್ಮ ಹಾರ್ಟ್ ಕಳಿಸಿದರು, ಜೊತೆಗೆ ‘ಮುಂಬಯಿಯಲ್ಲಿ ಕನ್ನಡ ಉಳಿಸಿದವಳು’ ಅಂತ ಒಂದು ಬಿರುದು. ಅವರೂ ಬೋರ್ಡ್ ಓದಿರಲಿಲ್ಲ. ಕನ್ನಡ ಇದೆ ಅನ್ನುವುದನ್ನಷ್ಟೇ ನೋಡಿದ್ದರು.

ಮಂಗಳವಾರ ರೇಣುಕಕ್ಕ ಮುಕ್ಕಾಲು ಗಂಟೆ ತಡವಾಗಿ ಬಂದರು.

ರೇಣುಕಕ್ಕ ಅಂದರೆ ಮೂರು ವರ್ಷದಿಂದ ನಮ್ಮ ಮನೆಗೆ ಬರುವವರು. ಸಿಂದಗಿ ಕಡೆಯವರು. ಪಾತ್ರೆ, ನೆಲ, ಆಮೇಲೆ ನಾಲ್ಕು ಜೋಳದ ರೊಟ್ಟಿ. ನಮ್ಮದೂ ಸೇರಿ ಈ ಟವರಿನಲ್ಲೇ ಅವರಿಗೆ ಐದು ಮನೆ. ಅವತ್ತು ಬಾಗಿಲು ತೆಗೆದರೆ ಗೋಡೆ ಹಿಡಿದುಕೊಂಡು ನಿಂತಿದ್ದಾರೆ, ಮಾತೇ ಹೊರಡುತ್ತಿಲ್ಲ. ನೀರು ಕೊಟ್ಟೆ.

“ಹಿಂದಿನ ಲಿಫ್ಟ್ ಬಂದ್ ಐತ್ರಿ ತಂಗಿ. ಹದಿನಾಲ್ಕು ಮಾಳಿಗಿ ಹತ್ತಿ ಬಂದೀನಿ. ಮೊಳಕಾಲು ಹರಕೊಂಡು ಹೋದಂಗ ಆಗೇತಿ.”

“ಮೊದಲೆಲ್ಲ ಹೇಗೆ ಬರ್ತಿದ್ರಿ?” ಮೂರು ವರ್ಷದಲ್ಲಿ ಈ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು.

“ಮುಂದಿನ ಲಿಫ್ಟಿನಾಗ ಬರ್ತಿದ್ವಿ. ವಾಚಮನ್ ಬೋರ್ಡ್ ತೋರಸ್ತಿದ್ದ. ನಮಗ ಓದಾಕ ಬರೂದಿಲ್ಲೋ ಯಪ್ಪಾ ಅಂತಿದ್ವಿ. ಅವನೂ ಬಡವರ ಮನಿಯಾಂವ, ಬಿಡತಿದ್ದ. ಈಗ ಯಾರೋ ಕನ್ನಡದಾಗ ಬರದು ಹಚ್ಚ್ಯಾರ. ಸಾಲ್ಯಾಗ ಏಳನೇತ್ತಾ ಕಲ್ತೀನಿ ನಾ. ಕನ್ನಡನೂ ಓದಾಕ ಬರೂದಿಲ್ಲ ಅಂತ ಹ್ಯಾಂಗ ಹೇಳ್ಲಿ?” ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದುವರಿಸಿದರು. “ಬರದಾವರ ಅಕ್ಷರ ಮಾತ್ರ ಮುತ್ತಿನಂಗ ಅದಾವ ನೋಡ್ರಿ.”

ನಾನು ಅವರ ಕೈಯಿಂದ ನೀರಿನ ಲೋಟ ತೆಗೆದುಕೊಂಡೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಪೇಪರ್ ಕೆಳಗಿಳಿಸಿದರು. “ಹೇಳು ಮಗಾ, ಯಾರು ಬರೆದದ್ದು ಅಂತ.”

“ನಾನೇ ರೇಣುಕಕ್ಕ.”

ಅವರು ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. “ನೀವೇ ಏನ್ರಿ? ಇರಲಿ ಬಿಡ್ರಿ, ಚಂದ ಬರದೀರಿ” ಅಂದು ಒಳಗೆ ಹೋಗಿ ಹಿಟ್ಟು ಕಲಸಲು ಕೂತರು.

ಒಂದು ಸುಳ್ಳಿತ್ತು ಅವರ ಹತ್ತಿರ. ಯಾರಿಗೂ ಕೇಡು ಮಾಡದ ಸಣ್ಣ ಸುಳ್ಳು. ಊದಿದ ಮೊಣಕಾಲಿಗೂ ಹದಿನಾಲ್ಕು ಮಹಡಿಗೂ ನಡುವೆ ಇದ್ದದ್ದು ಅದೊಂದೇ. ಅದನ್ನೂ ಕಿತ್ತುಕೊಂಡೆ ನಾನು, ದುಂಡಗಿನ ಅಕ್ಷರದಲ್ಲಿ, ವಿನಂತಿಪೂರ್ವಕವಾಗಿ.

ಹಿಂದಿನ ಲಿಫ್ಟ್ ಅಂದರೆ ಏನು ಗೊತ್ತಾ? ಬೆಳಿಗ್ಗೆ ಕಸದ ಡ್ರಮ್ಮುಗಳು ಇಳಿಯುವ ಲಿಫ್ಟ್. ಅವು ಇಳಿದು ಮುಗಿಯುವ ತನಕ ಬೇರೆಯವರು ಕಾಯಬೇಕು. ಕೆಲಸಕ್ಕೆ ಬರುವ ಹೊತ್ತೂ ಅದೇ, ಕಸ ಹೋಗುವ ಹೊತ್ತೂ ಅದೇ. ವಾರದಲ್ಲಿ ಎರಡು ದಿನ ಕೆಟ್ಟಿರುತ್ತದೆ. ರಿಪೇರಿಗೆ ಯಾರಿಗೂ ಅವಸರವಿಲ್ಲ, ಅದನ್ನು ಬಳಸುವವರಾರೂ ಮೀಟಿಂಗಿಗೆ ಬರುವುದಿಲ್ಲವಲ್ಲ.

ಮುಂದಿನ ಲಿಫ್ಟಿನಲ್ಲಿ ಅವರು ಬಂದರೆ ನಮಗೇನು ಕಷ್ಟ? ಸೊಸೈಟಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರು ‘ಹೈಜೀನ್’ ಅಂತ ಬರೆದಿದ್ದಾರೆ. ಅದೇ ಕೈ ನಮ್ಮ ಹಿಟ್ಟು ಕಲಸುತ್ತದೆ, ನಮ್ಮ ಮಕ್ಕಳ ಮೂಗು ಒರೆಸುತ್ತದೆ. ಆಗ ಹೈಜೀನ್ ಎಲ್ಲಿ ಹೋಗಿರುತ್ತದೆ? ನಾನು ದಿನಾ ಭಾಂಡುಪ್‌ನಿಂದ ಘಾಟ್‌ಕೋಪರ್ ತನಕ ಲೋಕಲ್‌ನಲ್ಲಿ, ಅಲ್ಲಿಂದ ಅಂಧೇರಿಗೆ ಮೆಟ್ರೋದಲ್ಲಿ ಹೋಗುವವಳು. ಲೋಕಲ್‌ನಲ್ಲಿ ಯಾರ ಮೊಣಕೈ ಯಾರ ಪಕ್ಕೆಯಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಯಾರ ಬೆವರೋ ಯಾರ ಭುಜಕ್ಕೋ ಹತ್ತುತ್ತದೆ. ಅದೇ ಜನ ಸಂಜೆ ಟವರಿನ ಗೇಟು ದಾಟಿದ ಕೂಡಲೇ ಮೈಗೆ ಮೈ ತಾಗಬಾರದು ಅನ್ನುತ್ತಾರೆ. ನನಗೆ ಸಿಟ್ಟು ಬಂದಿದೆ. ಇದಕ್ಕೆ ‘ಬೇಸರ’ ಅನ್ನುವ ಮೆದು ಪದ ಬಳಸುವುದಿಲ್ಲ.

ಬುಧವಾರವೂ ಹಿಂದಿನ ಲಿಫ್ಟ್ ಬಂದ್. ರೇಣುಕಕ್ಕ ಮತ್ತೆ ಹತ್ತಿಕೊಂಡೇ ಬಂದರು. ಕೆಲಸ ಮುಗಿಸಿ ಹೊರಟಾಗ ನನಗೆ ವೀರಾವೇಶ ಬಂತು. “ನನ್ನ ಜೊತೆ ಬನ್ನಿ, ಯಾರು ಏನು ಹೇಳ್ತಾರೆ ನೋಡೋಣ” ಅಂದೆ. ಅವರು ಬೇಡ ಅಂದರು. ಎರಡು ಸಲ ಬೇಡ ಅಂದರು. ನಾನು ಕೈ ಹಿಡಿದು ಮುಂದಿನ ಲಿಫ್ಟಿಗೆ ಕರೆದುಕೊಂಡು ಹೋದೆ.

ಒಂಬತ್ತನೇ ಮಹಡಿಯಲ್ಲಿ ಲಿಫ್ಟ್ ನಿಂತಿತು. ಮೇಡಂ ಒಬ್ಬರು ನಾಯಿ ಹಿಡಿದುಕೊಂಡು ಒಳಗೆ ಬಂದರು. (ಹೌದು, ನಾಯಿಗೆ ಮುಂದಿನ ಲಿಫ್ಟ್ ಇದೆ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಅದು ರೇಣುಕಕ್ಕನ ಕಾಲು ಮೂಸಿ ಬಾಲ ಆಡಿಸಿತು.) ಮೇಡಂ ಫೋನ್ ಎತ್ತಿ ಒಂದು ಫೋಟೋ ತೆಗೆದರು, ಅಷ್ಟೇ. ನಾವು ನೆಲಮಹಡಿಗೆ ಇಳಿಯುವಷ್ಟರಲ್ಲಿ ಅದು ಗ್ರೂಪಿನಲ್ಲಿತ್ತು.

ಮರುದಿನ ಬೆಳಿಗ್ಗೆ ಗೇಟಿನಿಂದ ರೇಣುಕಕ್ಕನ ಫೋನ್. “ತಂಗಿ, ಮಷೀನಿನಾಗ ನನ್ನ ನಂಬರ ತಗೋವಲ್ದು. ಕೆಂಪು ಬರಾಕತ್ತೇತಿ.” ನಮ್ಮ ಗೇಟಿನಲ್ಲಿ ಕೆಲಸದವರ ಹಾಜರಿ ಆ್ಯಪ್‌ನಲ್ಲಿ ನಡೆಯುತ್ತದೆ. ನಂಬರ್ ಒತ್ತಿದರೆ ಹಸಿರು ಬಂದವರು ಒಳಗೆ, ಕೆಂಪು ಬಂದವರು ಹೊರಗೆ. ಕಮಿಟಿ ಅವರನ್ನು ಒಂದು ವಾರ ಬ್ಲಾಕ್ ಮಾಡಿತ್ತು.

ಓಡಿಹೋಗಿ ಸೆಕ್ರೆಟರಿಯನ್ನು ಕೇಳಿದೆ. “ಕರೆದುಕೊಂಡು ಹೋದವಳು ನಾನು. ಬ್ಲಾಕ್ ಮಾಡುವುದಾದರೆ ನನ್ನನ್ನು ಮಾಡಿ.” ಅವರು ಸಿಟ್ಟಾಗಲಿಲ್ಲ. ಸಮಾಧಾನವಾಗಿಯೇ ಹೇಳಿದರು, ಫ್ಲ್ಯಾಟಿನವರನ್ನು ಬ್ಲಾಕ್ ಮಾಡುವ ಬಟನ್ ಆ್ಯಪ್‌ನಲ್ಲಿ ಇಲ್ಲವಂತೆ. ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ. ನಮ್ಮ ಟವರಿನಲ್ಲಿ ಮಾಡಿದವಳು ಹದಿನಾಲ್ಕನೇ ಮಹಡಿಯಲ್ಲಿ ಹಾಯಾಗಿರುತ್ತಾಳೆ, ಉಣ್ಣುವವಳು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿರುತ್ತಾಳೆ.

“ಹಾಗಾದರೆ ಆ ರೂಲನ್ನೇ ತೆಗೆಯಿರಿ” ಅಂದೆ.

“ರೂಲ್ ತೋ ಸಬ್ ಕೋ ಮಾಲೂಮ್ ಹೈ ಬೇಟಾ,” ಅಂದರು. “ಲಿಖಾ ಭೀ ತುಮ್ಹೀನೆ ಹೈ.”

ರೂಲ್ ಎಲ್ಲರಿಗೂ ಗೊತ್ತು, ಬರೆದವಳೂ ನೀನೇ ಅಲ್ಲವೇ ಅಂತ. ಇದೇ ಅಂಕಣದಲ್ಲಿ ಮನುಷ್ಯತ್ವದ ಬಗ್ಗೆ ಎಷ್ಟು ಸಲ ಉದ್ದುದ್ದ ಬರೆದಿದ್ದೇನೆ, ನೀವೂ ಎಷ್ಟು ಸಲ ಮೆಚ್ಚಿಕೊಂಡಿದ್ದೀರಿ. ಅಲ್ಲಿ ನಿಂತಾಗ ಒಂದು ಸಾಲೂ ನೆರವಿಗೆ ಬರಲಿಲ್ಲ.

ಬೋರ್ಡ್ ತೆಗೆಸಲು ಅರ್ಜಿ ಬರೆದು ಸಹಿಗೆ ಹೊರಟೆ. ಮೊದಲು ನಮ್ಮವರನ್ನೇ ಕೇಳೋಣ ಅಂತ ಐದನೇ ಮಹಡಿಯ ಅಂಕಲ್ ಮನೆಗೆ ಹೋದೆ. ಉಡುಪಿ ಕಡೆಯವರು, ಅಪ್ಪನ ಹಳೇ ಸ್ನೇಹಿತರು, ಎರಡು ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಅರ್ಜಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮರಳಿ ನನ್ನ ಕೈಗೆ ಕೊಟ್ಟರು.

“ಬೋರ್ಡ್ ತೆಗೆಯುದು ಬೇಡ ಮಾರಾಯ್ತಿ. ಇಡೀ ಬಿಲ್ಡಿಂಗಲ್ಲಿ ಕನ್ನಡ ಅಂತ ಇರುದು ಅದೊಂದೇ. ದಿನಾ ಕೆಳಗೆ ಹೋಗುವಾಗ ಕಂಡ್ರೆ ಖುಷಿ ಆಗ್ತದೆ.”

“ಅದರಲ್ಲಿ ಬರೆದದ್ದು ಏನು ಅಂತ ನೋಡ್ಬೇಕಲ್ಲ ಅಂಕಲ್?”

“ಬರೆದದ್ದು ಏನಾದ್ರೂ ಇರ್ಲಿ. ಕನ್ನಡ ಅಲ್ವಾ?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆಯೂ ನನಗಿರಲಿಲ್ಲ. ಮೂರು ದಿನದ ಹಿಂದೆ ಅದೇ ಬೋರ್ಡಿನ ಪಕ್ಕ ಹಲ್ಲು ಕಿರಿದು ಸೆಲ್ಫಿ ತೆಗೆದವಳು ನಾನೇ. ಊರು ಬಿಟ್ಟು ಬಂದವರಿಗೆ ಭಾಷೆಯ ಹಸಿವು ಇರುತ್ತದೆ, ಒಪ್ಪಿದೆ. ಹಾಗಂತ ತಟ್ಟೆಯಲ್ಲಿ ಏನಿದೆ ಅಂತ ನೋಡದೆ ತಿನ್ನುವುದೇ? ನಮ್ಮ ಭಾಷೆಯನ್ನೇ ಆಡುವ ಒಂದು ಜೀವ ಅದೇ ಬೋರ್ಡಿನ ಎದುರು ತಿರುಗಿ ಮೆಟ್ಟಿಲ ಕಡೆ ನಡೆಯುತ್ತದೆ. ಅದು ಕಾಣದ ಕಣ್ಣಿಗೆ ಕನ್ನಡ ಕಂಡರೆಷ್ಟು ಬಿಟ್ಟರೆಷ್ಟು?

ಕೆಳಗೆ ಬಂದು ಬೋರ್ಡನ್ನು ಕಿತ್ತು ಹರಿದುಹಾಕಿದೆ. ವಾಚ್‌ಮನ್ ನೋಡಿಯೂ ನೋಡದವನ ಹಾಗೆ ಬೇರೆ ಕಡೆ ತಿರುಗಿ ನಿಂತ. ಮರುದಿನ ಅದೇ ಜಾಗದಲ್ಲಿ ಲ್ಯಾಮಿನೇಟ್ ಮಾಡಿಸಿದ ಝೆರಾಕ್ಸ್ ಕಾಪಿ. ನನ್ನದೇ ಕೈಬರಹ. ಹರಿಯುವುದಿಲ್ಲ, ನೆನೆಯುವುದೂ ಇಲ್ಲ.

ವಾರ ಕಳೆದು ರೇಣುಕಕ್ಕ ಬಂದರು. ಐದು ಮನೆಗಳಲ್ಲಿ ಎರಡು ಕೈಬಿಟ್ಟಿದ್ದವು. ವಾರವಿಡೀ ಪಾತ್ರೆ ಕಾಯುತ್ತದೆಯೇ, ಬೇರೆಯವರನ್ನು ಇಟ್ಟುಕೊಂಡಿದ್ದಾರೆ. ನಾನು ಕ್ಷಮೆ ಕೇಳಿದೆ. ಅವರು ರೊಟ್ಟಿ ಬಡಿಯುತ್ತಲೇ ಇದ್ದರು.

“ಇದನ್ನ ಈ ವಾರದ ಪೇಪರಿನಲ್ಲಿ ಬರೀತೇನೆ ರೇಣುಕಕ್ಕ. ಯಾರನ್ನೂ ಬಿಡೋದಿಲ್ಲ.”

“ಯಾವ ಭಾಷಾದಾಗ ಬರೀತೀರಿ?”

“ಕನ್ನಡದಲ್ಲಿ.”

ಅವರ ಕೈ ನಿಂತಿತು. “ಫೋಟೋ ತಗದ ಬಾಯಾರಿಗೆ ಕನ್ನಡ ಬರೂದಿಲ್ಲ. ಸೆಕ್ರೆಟರಿ ಸಾಹೇಬ್ರಿಗೂ ಬರೂದಿಲ್ಲ. ಮತ್ತ ಯಾರಿಗೆ ಬೈಯಾಕ ಹೊಂಟೀರಿ ತಂಗಿ? ಓದಾವರೆಲ್ಲ ನಿಮ್ಮ ಮಂದೀನೇ ಅಲ್ಲೇನ್ರಿ?”

ಸರಿಯಾಗಿ ಹೇಳಿದರು. ಇದನ್ನು ಓದುತ್ತಿರುವವರು ನೀವು. ನಿಮ್ಮಲ್ಲಿ ಎಷ್ಟೋ ಮಂದಿ ನನ್ನಂತೆ ಇಂಥದೇ ಟವರುಗಳಲ್ಲಿ ಇರುವವರು. ಕೈಯಲ್ಲಿ ಚಹಾ ಇರಬಹುದು, ಒಳಗೆ ಪಾತ್ರೆಯ ಸದ್ದೂ ಕೇಳುತ್ತಿರಬಹುದು. ಮೂರು ವರ್ಷ ನಾನು ಕೇಳದೇ ಬಿಟ್ಟ ಪ್ರಶ್ನೆಯನ್ನು ಈಗ ನಿಮಗೇ ಕೇಳುತ್ತೇನೆ.

ಆ ಪಾತ್ರೆ ತೊಳೆಯುತ್ತಿರುವವರು ಇವತ್ತು ಮೇಲೆ ಹೇಗೆ ಬಂದರು?