ಅಕ್ಕನ ಬುತ್ತಿ, ಹೊಳೆಯ ಕಾವಲು

ನಾನು ಚಿಕ್ಕವನಿದ್ದಾಗ ಒಮ್ಮೆ ನನ್ನ ಅಪ್ಪನನ್ನೇ ಅನುಮಾನಿಸಿದ್ದೆ. ಸಮುದ್ರದಾಚೆಯ ಹಾರ್ನ್‌ಬಿಯ ಈ ಮನೆಯಲ್ಲಿ, ಹೀಟ್ ಪಂಪಿನ ಬಿಸಿಗಾಳಿಗೆ ಕಾಲು ಚಾಚಿ ಕೂತು ಹೇಳುವುದಕ್ಕೂ ನಾಚಿಕೆಯಾಗುತ್ತದೆ ಮೊಮ್ಮಕ್ಕಳೇ. ಆದರೂ ಹೇಳುತ್ತೇನೆ.

ಆಗ ಮಹಾಯುದ್ಧ ಮುಗಿದು, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ನಮ್ಮೂರು ನಿಜಾಮರ ಸೀಮೆಯಲ್ಲಿತ್ತು. ತುಂಗಭದ್ರೆಯ ಆಚೆ ದಡದಲ್ಲಿದ್ದ ಅಕ್ಕನ ಗಂಡನ ಊರು ಹೊಸ ಭಾರತದಲ್ಲಿತ್ತು. ಭಾರತಕ್ಕೆ ಸೇರಲು ನಿಜಾಮರು ಒಪ್ಪಿರಲಿಲ್ಲ. ನಾವು ಈಜು ಕಲಿತ ಹೊಳೆಯೇ ಗಡಿಯಾಯಿತು. ಎರಡೂ ದಡದಲ್ಲಿ ಬಂದೂಕು ಬಂದು ಕೂತವು. ಜನ ನೆಂಟರನ್ನೂ ಓರೆಗಣ್ಣಿನಿಂದ ನೋಡತೊಡಗಿದರು.

ಅಕ್ಕನಿಗೆ ಏಳು ತಿಂಗಳು ತುಂಬಿ ಕುಬಸದ ದಿನ ಬಂತು. ಬಸುರಿ ಮಗಳಿಗೆ ತವರಿನಿಂದ ಬುತ್ತಿ, ಹಸಿರು ಸೀರೆ ಹೋಗಲೇಬೇಕು. ಬುತ್ತಿಯ ಗಂಟನ್ನು ಮಗಳೇ ಬಿಚ್ಚಬೇಕು, ಬೇರೆಯವರು ಬಿಚ್ಚಿದರೆ ಕೂಸಿಗೆ ಒಳ್ಳೆಯದಲ್ಲ ಎಂದು ನಮ್ಮ ಮನೆಯಲ್ಲಿ ನಂಬಿದ್ದರು. ಅಪ್ಪ ಗಂಟಿದ್ದ ಬುಟ್ಟಿ ಹೊತ್ತುಕೊಂಡ, ನಾನು ಬೆನ್ನು ಹತ್ತಿದೆ. ದಾರಿಯುದ್ದಕ್ಕೂ ಶೇಂಗಾ ಹೋಳಿಗೆಯ ಘಮಕ್ಕೆ ಬಾಯಲ್ಲಿ ನೀರೂರುತ್ತಿತ್ತು.

ದಡದಲ್ಲಿ ನಿಜಾಮರ ಕಾವಲುಗಾರ ತಡೆದ. "ಗಂಟು ಬಿಚ್ಚು."

"ಆಗಂಗಿಲ್ಲರೀ," ಎಂದ ಅಪ್ಪ. "ಮಗಳ ಕುಬಸದ ಬುತ್ತಿ. ಆಕೀನ ಬಿಚ್ಚಬೇಕು."

"ಬರೀ ರೊಟ್ಟಿ ಇದ್ರ ಬಿಚ್ಚಾಕ ಯಾಕ ಹೆದರತಿ?"

ಕಾವಲುಗಾರ ಬಂದೂಕಿನ ತುದಿಯಿಂದ ಬುಟ್ಟಿಯನ್ನು ತಿವಿದ. ಅಪ್ಪ ಅದನ್ನು ಎದೆಗವಚಿಕೊಂಡ. ಅವನ ಹಣೆ ಬೆವೆತಿತ್ತು. ಅದನ್ನು ಕಂಡು ನನ್ನ ತಲೆಯಲ್ಲೂ ಹುಳ ಹೊಕ್ಕಿತು. ನಿಜಕ್ಕೂ ಒಳಗೆ ಮದ್ದುಗುಂಡು ಇದೆಯೇ? ಗುಟ್ಟಿನ ಚೀಟಿ? ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದೆ. ಅಪ್ಪ ನೋಡಿಬಿಟ್ಟ.

ಅಕ್ಕ ಆಚೆ ದಡದಲ್ಲಿ ಕಾಯುತ್ತಿದ್ದಳು. ಕೊನೆಗೆ ಕಾವಲುಗಾರ ಅಂಬಿಗನನ್ನು ಕಳಿಸಿ ಅವಳನ್ನೇ ಕರೆಸಿದ, ಆದರೆ ದಡಕ್ಕೆ ಇಳಿಯಗೊಡಲಿಲ್ಲ. ಅಪ್ಪ ನೀರಿಗಿಳಿದು ಬುಟ್ಟಿ ಕೊಟ್ಟ. ತುಂಬು ಹೊಟ್ಟೆಯ ಅಕ್ಕ ಹರಿಗೋಲಿನಲ್ಲೇ ಕೂತು ಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿ, ಹೋಳಿಗೆ, ಹಸಿರು ಸೀರೆ. ಅಷ್ಟೇ. ಒಂದು ಹೋಳಿಗೆ ಕಾವಲುಗಾರನಿಗೂ ಚಾಚಿದಳು. ಮೊದಲು ನೀನು ತಿನ್ನು ಎಂದ. ಅವಳು ತಿಂದಳು. ಆಮೇಲೆ ಅವನೂ ತಿಂದು ಬಾಯಿ ಒರೆಸಿಕೊಂಡು, ಅಪ್ಪನ ಕಡೆ ತಿರುಗಿ, "ಬುಟ್ಟಿ ಹೋಗ್ಲಿ. ನೀವಿಬ್ರು ವಾಪಸ್ ನಡೀರಿ," ಎಂದ.

ಹರಿಗೋಲು ಆಚೆ ಮುಟ್ಟುವವರೆಗೂ ಅಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಮನೆಗೆ ಬರುವಾಗ ನನ್ನನ್ನು ಹಿಂದೆ ಬಿಟ್ಟು ತಾನೊಬ್ಬನೇ ಮುಂದೆ ಮುಂದೆ ನಡೆದ.

ನೀವೋ, ರಜೆಗೆ ನೆಲ್ಸನ್ ಪಟ್ಟಣದವರೆಗೆ ಕಾರಿನಲ್ಲಿ ನಿದ್ದೆ ಹೊಡೆಯುತ್ತ ಹೋಗುತ್ತೀರಿ. ಎಷ್ಟು ಹೊಳೆ ದಾಟಿದರೂ ಯಾರೂ ತಡೆಯುವುದಿಲ್ಲ. ಬ್ಯಾಗಿನಲ್ಲಿ ಏನಿದೆ ಎಂದು ನಿಮ್ಮಪ್ಪ ಕೇಳಿದರೆ "ಟ್ರಸ್ಟ್ ಮಿ, ಪಪ್ಪಾ" ಎನ್ನುತ್ತೀರಿ, ಅವನೂ ನಂಬುತ್ತಾನೆ. ಅಷ್ಟು ನಂಬಿಕೆಯನ್ನು ಆ ದಿನ ನನ್ನ ಅಪ್ಪನಿಗೆ ನಾನು ಕೊಡಲಿಲ್ಲ. ತಪ್ಪಾಯಿತು ಎಂದು ಹೇಳುವಷ್ಟು ದೊಡ್ಡವನಾಗುವ ಹೊತ್ತಿಗೆ ಅಪ್ಪ ಇರಲಿಲ್ಲ.