ಅರ್ಧ ಬರೆದ ಹೂವು ಶಿವನ ತಲೆಯ ಮೇಲೆ

ಬೆಳಿಗ್ಗೆ ಎದ್ದು ಗೇಟಿನ ಹತ್ತಿರ ಹೋಗಿ ನೋಡಿದರೆ ಹೂವಿಲ್ಲ.

ಬಳ್ಳಿ ಇದೆ, ಎಲೆ ಇದೆ, ಗ್ರಿಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ ಎಲೆತುದಿಯ ಸುರುಳಿಯೂ ಇದೆ. ಹೂವು ಮಾತ್ರ ಮಾಯ.

ನಾನು ಬೊಟಾನಿಕಲ್ ಆರ್ಟಿಸ್ಟ್. ಅಂದರೆ ಸಸ್ಯಶಾಸ್ತ್ರದ ಪುಸ್ತಕಗಳಿಗೆ ಗಿಡಗಳ ಚಿತ್ರ ಬರೆಯುವವಳು. ಎಲೆಯ ನರ, ಕಾಂಡದ ಮೇಲಿನ ರೋಮ, ಹುಳ ತಿಂದ ತೂತು... ಎಲ್ಲವೂ ಇದ್ದದ್ದು ಇದ್ದ ಹಾಗೇ ಬರಬೇಕು.

ಒಂದು ಪುಸ್ತಕಕ್ಕೆ ಅಗ್ನಿಶಿಖೆ ಹೂವಿನ ಚಿತ್ರ ಬೇಕಿತ್ತು. ಅದಕ್ಕೆಂದೇ ಹನುಮಂತನಗರದ ನಮ್ಮ ಬಾಡಿಗೆ ಮನೆಯ ಗೇಟಿನ ಪಕ್ಕ, ಕುಂಡದಲ್ಲಿ ಬಳ್ಳಿ ಬೆಳೆಸಿದ್ದೆ.

ಈ ಹೂವಿನ ಸ್ವಭಾವ ವಿಚಿತ್ರ. ಅರಳುವಾಗ ಹಸಿರು, ಆಮೇಲೆ ಹಳದಿ, ಕೊನೆಗೆ ಬೆಂಕಿಯಂಥ ಕೆಂಪು. ಒಂದೇ ಹೂವು ಹೀಗೆ ಬಣ್ಣ ಬದಲಿಸುವುದನ್ನು ಒಂದೇ ಹಾಳೆಯಲ್ಲಿ ತೋರಿಸಬೇಕು.

ಹಸಿರು ಮುಗಿದಿತ್ತು, ಹಳದಿ ಮುಗಿದಿತ್ತು, ಕೆಂಪು ಬಾಕಿ. ಬಳ್ಳಿ ಬಿಟ್ಟಿದ್ದೇ ಒಂದು ಮೊಗ್ಗು. ಎಡಿಟರ್ ಬೇರೆ, ಪ್ರಿಂಟಿಗೆ ಹೋಗಬೇಕು ಎಂದು ದಿನಾ ಮೆಸೇಜ್ ಹಾಕುತ್ತಿದ್ದರು.

ಎದುರುಮನೆ ಆಂಟಿ ರಂಗೋಲಿ ಹಾಕುತ್ತಿದ್ದರು. "ಆಗ್ಲೇ ರುದ್ರಪ್ಪನವರು ಹೋದ್ರು ನೋಡಿ. ಕವರ್ ತುಂಬಾ ಹೂ ಇತ್ತು," ಅಂದರು.

ರುದ್ರಪ್ಪನವರದು ನಮ್ಮ ಬೀದಿಯ ಮೂಲೆಮನೆ. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ವಾಕಿಂಗ್ ಹೊರಟರೆಂದರೆ ಒಂದು ಕೈಯಲ್ಲಿ ಕವರ್, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ಕೋಲು. ಕಾಂಪೌಂಡಿನಿಂದ ಆಚೆ ಬಾಗಿದ ಹೂವೆಲ್ಲ ಶಿವನದು ಎಂದೇ ಅವರ ನಂಬಿಕೆ.

ನೈಟಿಯ ಮೇಲೊಂದು ವೇಲ್ ಎಳೆದುಕೊಂಡು ಮೂಲೆಮನೆಗೆ ಓಡಿದೆ.

ತಡವಾಗಿತ್ತು... ದೇವರ ಮನೆಯಲ್ಲಿ ಊದುಬತ್ತಿ ಹೊಗೆಯಾಡುತ್ತಿದೆ, ಲಿಂಗದ ನೆತ್ತಿಯ ಮೇಲೆ ನನ್ನ ಹೂವು ಕೂತಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಜಗಳಕ್ಕೆ ಬಂದಿದ್ದೇನೆ ಎನ್ನುವುದೇ ಒಂದು ಕ್ಷಣ ಮರೆತುಹೋಯಿತು.

"ಸಾರ್, ಆ ಹೂ ನನ್ನದು."

"ದೇವರದು," ಅಂದರು ಅವರು, ತಿರುಗಿಯೂ ನೋಡದೆ.

"ಅದರ ಚಿತ್ರ ಬರೀತಿದೀನಿ. ಇನ್ನೂ ಮುಗ್ದಿಲ್ಲ."

"ಬರೀರಿ. ಬೇಡ ಅಂದೋರ್ ಯಾರು? ಇಲ್ಲೇ ಕೂತ್ಕೊಂಡು ಬರೀರಿ."

ಅವರ ಹೆಂಡತಿ ಶಾಂತಕ್ಕ ಅಡುಗೆಮನೆಯಿಂದ ಬಂದು ನನಗೆ ಸಮಾಧಾನ ಹೇಳಿದರು. "ಏರಿಸಿದ್ ಹೂ ಇವತ್ತು ತೆಗೆಯೋ ಹಾಗಿಲ್ಲಮ್ಮ. ನಾಳೆ ಪೂಜೆಗೆ ಮುಂಚೆ ತೆಗೀತಾರೆ, ಆಗ ತಗೊಂಡ್ಹೋಗಿ."

"ಅಷ್ಟರಲ್ಲಿ ಬಾಡೋಗುತ್ತೆ ಆಂಟಿ."

ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಗೋ ಡೆಡ್‌ಲೈನಿಗೋ ಗೊತ್ತಿಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಕೊನೆಗೆ ರುದ್ರಪ್ಪನವರೇ ಬೆಳ್ಳಿ ಲೋಟದಲ್ಲಿ ನೀರು ತುಂಬಿ, ಹೂವನ್ನು ಅದರಲ್ಲಿ ನಿಲ್ಲಿಸಿ, ಲಿಂಗಕ್ಕೆ ತಗಲುವಂತೆ ಇಟ್ಟರು. "ದೇವರ ಹತ್ರಾನೂ ಇರುತ್ತೆ, ನೀರಲ್ಲೂ ಇರುತ್ತೆ. ಆಯ್ತಲ್ಲ?"

ಹೀಗೆ ನಾನು ಅವರ ದೇವರ ಮನೆಯ ಹೊಸ್ತಿಲಾಚೆ ಚಾಪೆ ಹಾಸಿಕೊಂಡು, ತೊಡೆಯ ಮೇಲೆ ಬೋರ್ಡ್ ಇಟ್ಟುಕೊಂಡು ಕೂತೆ. ಮೊದಲು ಮನೆಗೆ ಹೋಗಿ ಸ್ನಾನ ಮಾಡಿಕೊಂಡು ಬರಬೇಕು ಎನ್ನುವುದೊಂದೇ ಶಾಂತಕ್ಕನ ಕಂಡೀಷನ್.

ಮರುದಿನ ಹೂವು ದೇವರಿಂದ ಬಿಡುಗಡೆಯಾಯಿತು. ಆದರೆ ಲೋಟ ನಮ್ಮ ಮನೆಗೆ ಬರಲಿಲ್ಲ, ಅವರ ಹಾಲ್‌ನ ಟೀಪಾಯಿಗೆ ಬಂತು. ಚಿತ್ರ ಹೇಗೆ ಮುಗಿಯುತ್ತದೆಂದು ರುದ್ರಪ್ಪನವರಿಗೆ ನೋಡಬೇಕಿತ್ತು. ಜೀವಮಾನವೆಲ್ಲ ಕಾರ್ಡಿನ ಅಂಚಿಗೆ ಹೂಬಳ್ಳಿ ಆರಿಸಿದವರು, ಸುಮ್ಮನೆ ಕೂರುತ್ತಾರೆಯೇ?

"ಇದೇನಮ್ಮ, ನಡುವಿನ ಕಡ್ಡಿ ಸೊಟ್ಟ ಬರ್ದಿದೀರಿ."

"ಹೂವೇ ಹಾಗಿರೋದು ಸಾರ್. ಆ ಕಡ್ಡಿ ಪಕ್ಕಕ್ಕೇ ಬಾಗಿರುತ್ತೆ."

"ಹೂ ಸೊಟ್ಟ ಇದ್ರೆ ನೀವು ನೆಟ್ಟಗ್ ಮಾಡ್ಬೇಕು. ಇದ್ದಂಗೇ ಬೇಕು ಅಂದ್ರೆ ಫೋಟೋ ಸಾಕಲ್ಲ, ಆರ್ಟಿಸ್ಟ್ ಯಾಕೆ?"

ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ಇಂಟರ್‌ವ್ಯೂಗಳಲ್ಲೂ ಕೇಳಿದ್ದಾರೆ. ಇಂಗ್ಲಿಷಿನಲ್ಲಿ ಉದ್ದುದ್ದ ಉತ್ತರ ಕೊಟ್ಟಿದ್ದೇನೆ. ಅವತ್ತು ಹೇಳಿದ್ದು ಇಷ್ಟೇ.

"ಫೋಟೋದಲ್ಲಿ ಇವತ್ತಿನ ಬಣ್ಣ ಮಾತ್ರ ಬರುತ್ತೆ ಸಾರ್. ಇದರಲ್ಲಿ ಹಳೇದೂ ಇದೆ ನೋಡಿ," ಎಂದು ಹಸಿರು ಹೂವು, ಹಳದಿ ಹೂವು ತೋರಿಸಿದೆ.

ಅವರು ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. "ಇವೆಲ್ಲ ಒಂದೇ ಹೂವಾ?"

"ಒಂದೇ. ನೀವು ಕಿತ್ಕೊಂಡ್ ಬಂದ್ರಲ್ಲ, ಅದೇ."

ಅವರು ಎದ್ದು ಹೋಗಿ, ಕಿಟಕಿಯ ಪರದೆ ಪೂರ್ತಿ ಸರಿಸಿ, ನನ್ನ ಹಾಳೆಯ ಮೇಲೆ ಬೆಳಕು ಬೀಳುವ ಹಾಗೆ ಮಾಡಿ ಬಂದು ಕೂತರು. ಆಮೇಲೆ ಸೊಟ್ಟ ಕಡ್ಡಿಯ ಮಾತು ಬರಲೇ ಇಲ್ಲ.

ಹೂವು ಪೂರ್ತಿ ಕೆಂಪಾದ ದಿನ ಚಿತ್ರವೂ ಮುಗಿಯಿತು. ಶಾಂತಕ್ಕ ಕಾಫಿ ಕೊಡುತ್ತಾ, ಇದು ಯಾವ ಪುಸ್ತಕದಲ್ಲಿ ಬರುತ್ತದೆ ಎಂದು ಕೇಳಿದರು.

"ವಿಷದ ಗಿಡಗಳ ಪುಸ್ತಕ ಆಂಟಿ."

ಶಾಂತಕ್ಕ ಟೀಪಾಯಿಯ ಮೇಲಿದ್ದ ಹೂವಿನ ಲೋಟವನ್ನು ಕಾಫಿಯಿಂದ ದೂರ ಸರಿಸಿದರು.

"ಬಾಯಿಗೆ ಹಾಕ್ಕೊಂಡ್ರೆ ಮಾತ್ರ," ಎಂದು ಸೇರಿಸಿದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಶಾಂತಕ್ಕ ಗಂಡನ ಕಡೆ ತಿರುಗಿದರು. "ದೇವರಿಗೆ ವಿಷದ್ ಹೂ ಏರ್ಸಿದೀರಿ. ಮೇಲೆ ಪ್ರಸಾದ ಅಂತ ಅದರ ಜೊತೆಗಿದ್ದ ಎಲೆ ಕಿವಿಗೆ ಬೇರೆ ಇಟ್ಕೊಂಡಿದ್ರಿ."

ರುದ್ರಪ್ಪನವರು ನಿಧಾನವಾಗಿ ಕಾಫಿ ಹೀರಿದರು. "ಅವನು ವಿಷಾನೇ ಕುಡಿದೋನು. ಒಂದು ಹೂವಿಗೆ ಏನಾಗುತ್ತೆ ಸುಮ್ನಿರು."

ಆದರೂ ಎದ್ದು ಹೋಗಿ ಸೋಪು ಹಾಕಿ ಕಿವಿ ತೊಳೆದುಕೊಂಡರು, ನಾನು ನೋಡಿದೆ.

ಚಿತ್ರ ಎಡಿಟರಿಗೆ ಹೋಯಿತು, ಅವರಿಗೆ ಇಷ್ಟವೂ ಆಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು.

ಈಗ ಏನಾಗಿದೆಯೆಂದರೆ, ರುದ್ರಪ್ಪನವರು ಯಾವ ಹೂ ಕೀಳುವ ಮುಂಚೆಯೂ ನಮ್ಮ ಮನೆಯ ಬೆಲ್ ಒತ್ತುತ್ತಾರೆ. ಕೊಕ್ಕೆ ಕೋಲು ಎತ್ತಿ ತೋರಿಸಿ, "ಮೇಡಂ, ಅದನ್ನ ಬರೆದಾಯ್ತಾ? ಕೀಳಬಹುದಾ?" ಎನ್ನುತ್ತಾರೆ. ನಾನು ನಿದ್ದೆಗಣ್ಣಲ್ಲಿ ಹೂಂ ಎಂದು ತಲೆಯಾಡಿಸುತ್ತೇನೆ.

ಹಾಗೆ ನಿನ್ನೆ ನಾನು ಪರ್ಮಿಷನ್ ಕೊಟ್ಟಿದ್ದು ಎದುರುಮನೆ ಆಂಟಿಯ ದಾಸವಾಳಕ್ಕೆ. ಆಂಟಿ ತಮ್ಮ ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದರು...

ಇವತ್ತು ಅವರು ನನ್ನ ಹತ್ತಿರ ಮಾತಾಡುತ್ತಿಲ್ಲ. ಅವರಿಗೆ ಏನಂತ ಹೇಳಲಿ, ನೀವೇ ಹೇಳಿ?