ಗಿರಿಜಕ್ಕ ಹಾಕುತ್ತಿದ್ದ ತಪ್ಪು

ಗಿರಿಜಕ್ಕ ಬರೆದುಕೊಡುತ್ತಿದ್ದ ಪ್ರತಿ ಸರ್ಕ್ಯೂಟ್ ನಕ್ಷೆಯಲ್ಲೂ ಒಂದು ತಪ್ಪು ಇರುತ್ತಿತ್ತು. ಮರೆತು ಮಾಡಿದ್ದಲ್ಲ, ಬೇಕೆಂದೇ ಹಾಕಿದ್ದು. ಅದನ್ನು ಹುಡುಕಿ ತೋರಿಸುವವರೆಗೆ ನನ್ನನ್ನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಗೊಣಗಿದರೆ, "ಕಾಗೆನೂ ಕೊಂಬೆ ನೋಡಿ ಗೂಡು ಕಟ್ತದೆ ಕಣೋ. ನಿಂಗೇನ್ ಅಷ್ಟೊಂದ್ ಅರ್ಜೆಂಟು?" ಎನ್ನುತ್ತಿದ್ದರು.

ಕುಣಿಗಲ್ ಕಡೆಯ ಕೊತ್ತಗೆರೆಯವರು. ಗುಬ್ಬಿಯಲ್ಲಿ ನಮ್ಮ ಎದುರುಮನೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ತುಮಕೂರಿನ ಸತ್ಯಮಂಗಲದ ವೋಲ್ಟೇಜ್ ಸ್ಟೆಬಿಲೈಸರ್ ಫ್ಯಾಕ್ಟರಿಗೆ ಹೋಗುತ್ತಿದ್ದರು. ಅಲ್ಲಿ ಕಡೆಯ ಬೆಂಚು ಅವರದು. ಅವರು ನೋಡಿ ಸಹಿ ಹಾಕದೆ ಒಂದು ಪೆಟ್ಟಿಗೆಯೂ ಗೇಟು ದಾಟುವಂತಿರಲಿಲ್ಲ. ಆ ಸಂಬಳ ಬಿಟ್ಟರೆ ಅವರಿಗೆ ಬೇರೆ ಆದಾಯ ಇರಲಿಲ್ಲ.

ನಾನಾಗ ಹಗಲು ಗುಮಾಸ್ತ, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ವಾದಕ. ಗಿಟಾರಿನ ನಾದವನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಯೊಂದಿದೆ. ಅದಕ್ಕೆ ಪೆಡಲ್ ಎನ್ನುತ್ತಾರೆ. ಕೊಳ್ಳುವ ಯೋಗ್ಯತೆ ಇಲ್ಲದೆ ಯಾವುದೋ ಜೆರಾಕ್ಸ್ ಹಾಳೆ ನೋಡಿಕೊಂಡು ನಾನೇ ಒಂದು ಜೋಡಿಸಿದೆ. ನುಡಿಯಿತು! ಕುಣಿದುಕೊಂಡು ಹೋಗಿ ಗಿರಿಜಕ್ಕನಿಗೆ ಕೇಳಿಸಿದೆ.

"ಚೆನ್ನಾಗದೆ. ಯಾಕ್ ನುಡೀತಿದೆ ಹೇಳು."

"ಹಾಳೇಲಿದ್ದಂಗೇ ಮಾಡಿದೀನಿ ಅಕ್ಕ."

"ಈ ಕೆಪಾಸಿಟರ್ ಯಾಕೆ ಇಲ್ಲಿದೆ?"

ನಾನು ಮತ್ತೆ ಜೆರಾಕ್ಸ್ ಹಾಳೆ ತೆಗೆದು ನೋಡತೊಡಗಿದೆ. ಗಿರಿಜಕ್ಕ ಐರನ್ ಕಾಯಿಸಿದರು. ನೋಡನೋಡುತ್ತಿದ್ದಂತೆ ಒಂದೊಂದೇ ಭಾಗ ಕಿತ್ತು ಒಗ್ಗರಣೆ ಬಟ್ಟಲಿಗೆ ಹಾಕಿದರು. ಇನ್ನು ಮೂರು ದಿನಕ್ಕೆ ತುಮಕೂರಿನಲ್ಲಿ ಆರತಕ್ಷತೆಯ ಕಾರ್ಯಕ್ರಮವಿತ್ತು. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದೇ ಅಂದುಕೊಂಡೆ.

"ಗೊತ್ತಿಲ್ದೆ ಕೆಲಸ ಮಾಡೋದು, ಗೊತ್ತಿಲ್ದೇನೆ ನಿಂತೋಗ್ತದೆ. ಸ್ಟೇಜ್ ಮೇಲೆ ನಿಂತೋದ್ರೆ ನನ್ನ ಕರೀತೀಯ?" ಎಂದು ಹಾಳೆಯ ಮೇಲೆ ನನ್ನ ಬೆರಳು ಹಿಡಿದು ನಡೆಸಿದರು. "ಗಿಟಾರಿಂದ ಬಂದ ನಾದದ ದಾರಿ ಹಿಡ್ಕೊಂಡ್ ಹೋಗು. ಈ ಕೆಪಾಸಿಟರ್ ನಾದನ ಒಳಗ್ ಬಿಡ್ತದೆ, ಬ್ಯಾಟರಿ ಕರೆಂಟನ್ನ ಆಚೆ ಬಿಡಲ್ಲ. ಇವೆರಡು ಡಯೋಡು ಎದುರು ಬದುರು ನಿಂತು ನಾದದ ಅಲೆಯ ತಲೆ ಕಾಲು ಎರಡೂ ಕತ್ತರಿಸ್ತವೆ. ಅದುಕ್ಕೇ ಅದು ಒರಟು." ಅಂದು ಸಂಜೆಯೇ ಮತ್ತೆ ಜೋಡಿಸಿದೆ. ಅದು ಯಾಕೆ ನುಡಿಯುತ್ತದೆಂದು ಈಗ ನನಗೆ ಗೊತ್ತಿತ್ತು.

ಆಮೇಲಿಂದ ಅವರೇ ಒಂದೊಂದು ತಪ್ಪಿಟ್ಟು ಸರ್ಕ್ಯೂಟು ಬರೆದುಕೊಡತೊಡಗಿದರು. ಹೀಗೆ ಐದಾರು ವರ್ಷ ನಡೆಯಿತು. ಕಡೆಯ ಸರ್ಕ್ಯೂಟನ್ನು ಅವರು ಕೊಟ್ಟದ್ದು ಒಂದು ಭಾನುವಾರ. ಬುಧವಾರ ಸಂಜೆ ನಾನು ಜಂಬದಿಂದ ಹೋದೆ.

"ಅಕ್ಕ, ಈ ಸಲ ಎರಡು ತಪ್ಪು ಹಾಕಿದೀರ. ಎರಡೂ ಹಿಡ್ದೆ!"

ಎರಡು ಡಯೋಡೂ ಒಂದೇ ಕಡೆ ಮುಖ ಮಾಡಿದ್ದನ್ನು ತೋರಿಸಿದೆ. ನಕ್ಕು ತಲೆಯಾಡಿಸಿದರು. ಆಮೇಲೆ ಬ್ಯಾಟರಿ ತೋರಿಸಿದೆ. ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು; ಹಾಗೇ ಜೋಡಿಸಿದ್ದರೆ ಒಳಗಿನ ಭಾಗಗಳು ಸುಟ್ಟುಹೋಗುತ್ತಿದ್ದವು.

ಗಿರಿಜಕ್ಕನ ನಗು ನಿಂತಿತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು ಸೀರೆ ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು.

"ಇದು ನಾನ್ ಹಾಕಿದ್ದಲ್ಲ ಕಣೋ."

"ಒಂದ್ ಗೀಟು ತಾನೆ ಅಕ್ಕ, ಬಿಡಿ," ಎಂದೆ.

"ಪ್ಲಸ್ಸು ಮೈನಸ್ಸು ಕಣೋ," ಎಂದರು ಮೆಲ್ಲಗೆ. "ಈಗ ಹೋಗು. ನಂಗೆ ಸ್ವಲ್ಪ ಯೋಚ್ನೆ ಮಾಡ್ಬೇಕು." ಅವರ ಮುಖ ನೋಡಿದ್ದು ಅದೇ ಕೊನೆ.

ಶನಿವಾರ ಎದುರುಮನೆಗೆ ಬೀಗ ಬಿದ್ದಿತ್ತು. ಗಾಬರಿಯಾಗಿ ಸತ್ಯಮಂಗಲಕ್ಕೆ ಹೋದೆ. ಗೇಟಿನ ಹತ್ತಿರ ಸೂಪರ್‌ವೈಸರ್ ಸಿಕ್ಕರು. ಅವರೂ ಗಾಬರಿಯಲ್ಲೇ ಇದ್ದರು.

"ಗುರುವಾರ ಬಂದವ್ರೇ ಕೆಲಸ ಬಿಟ್ಬುಟ್ರು ಸಾರ್. ಕೊತ್ತಗೆರೆಗೆ ತಮ್ಮನ ಮನೆಗೆ ಹೋಗ್ತೀನಿ ಅಂದ್ರು. ರಿಟೈರಾಗೋಕೆ ಇನ್ನೂ ಎರಡು ವರ್ಷ ಇತ್ತು, ಕಾಲಿಗ್ ಬೀಳೋದೊಂದು ಬಾಕಿ, ಅಷ್ಟು ಕೇಳ್ಕೊಂಡ್ವಿ. 'ನಾನು ಹಾಕಿದ್ದು ಒಂದು, ಹುಡುಗ ಹುಡುಕಿದ್ದು ಎರಡು. ಈ ಬೆಂಚಿಂದ ನಂಗೆ ಕಾಣ್ದಂಗೆ ಎಷ್ಟು ದಾಟಿ ಹೋಗಿದಾವೋ, ಯಾರ ಮನೆ ಉರೀತದೋ' ಅಂದ್ರು. ಯಾವನ್ ಸಾರ್ ಆ ಹುಡುಗ? ನಿಮಗೇನಾದ್ರೂ ಗೊತ್ತಾ?"